ಡೆಸ್ಕ್‌ಟಾಪ್ ಅಪ್ಲಿಕೇಶನ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಎಲ್ಲಿಡೋದು, ಹೇಗಿಡೋದು

ಆಸ್ಪತ್ರೆ ಬಿಲ್ಲಿಂಗು, ಸಹಕಾರ ಸಂಘದ ಸಾಲದ ಲೆಕ್ಕ, ಮೆಡಿಕಲ್ ಸ್ಟೋರಿನ ಸ್ಟಾಕು, ಶಾಲೆ ಫೀಸು, ಇವೆಲ್ಲ ಎಷ್ಟೋ ಕಡೆ ಇವತ್ತಿಗೂ ವಿಂಡೋಸ್ ಮೇಲೆ ಓಡೋ ಡೆಸ್ಕ್‌ಟಾಪ್ ಪ್ರೋಗ್ರಾಮ್‌ಗಳೇ. ಒಂದು ರೂಮಲ್ಲಿ ಸರ್ವರು, ಹತ್ತು ಟೇಬಲ್ ಮೇಲೆ ಹತ್ತು ಕಂಪ್ಯೂಟರು, ಎಲ್ಲದರಲ್ಲೂ ಅದೇ ಇಎಕ್ಸ್‌ಇ. ಆ ಇಎಕ್ಸ್‌ಇ ಪಕ್ಕದಲ್ಲೇ ಇರೋ ಕಾನ್ಫಿಗ್ ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆಗೆದ್ರೆ ಸರ್ವರ್ ಐಪಿ, ಡೇಟಾಬೇಸ್ ಹೆಸರು, ಯೂಸರ್ ಐಡಿ ಜಾಗದಲ್ಲಿ ಎಸ್‌ಎ (ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎಲ್ಲಾ ಹಕ್ಕೂ ಇರೋ ಅಡ್ಮಿನ್ ಲಾಗಿನ್), ಅದರ ಮುಂದೆ ಪಾಸ್‌ವರ್ಡು, ಎಲ್ಲಾ ಸಾಲಾಗಿ ಕಾಣತ್ತೆ. ಹತ್ತು ಟೇಬಲ್‌ನಲ್ಲಿ ಯಾರು ಕೂತ್ರೂ ಇಡೀ ಡೇಟಾಬೇಸ್‌ನ ಮಾಲೀಕರು ಅಂತಾಯ್ತು. ಇದನ್ನ ಸರಿ ಮಾಡೋದು ಹೇಗೆ ಅಂತ ಬರೀತಾ ಇದೀನಿ, ಮುಖ್ಯವಾಗಿ ಸಿ ಶಾರ್ಪ್ ಮತ್ತೆ ಎಸ್‌ಕ್ಯೂಎಲ್ ಸರ್ವರ್ ಇಟ್ಕೊಂಡು ಹೇಳ್ತೀನಿ, ಬೇರೆ ಭಾಷೆ ಬೇರೆ ಡೇಟಾಬೇಸ್ ಬಳಸೋರಿಗೂ ಲೆಕ್ಕಾಚಾರ ಅದೇ.

ಒಂದು ವಿಷಯ ಮೊದ್ಲೇ ತಲೇಲಿ ಕೂತ್ಬಿಡ್ಲಿ. ನಿಮ್ಮ ಪ್ರೋಗ್ರಾಮ್ ಓಡೋದು ಯೂಸರ್ ಕೈಲಿರೋ ಕಂಪ್ಯೂಟರ್‌ನಲ್ಲಿ. ಅದು ಯಾರನ್ನೂ ಏನೂ ಕೇಳದೆ ತಾನೇ ಪಾಸ್‌ವರ್ಡ್ ಬಿಡಿಸ್ಕೊಂಡು ಕನೆಕ್ಟ್ ಆಗತ್ತೆ ಅಂದ್ರೆ ಆ ಕುರ್ಚೀಲಿ ಕೂತಿರೋ ಮನುಷ್ಯನೂ ಸ್ವಲ್ಪ ತಾಳ್ಮೆ ಇದ್ರೆ ಅದನ್ನ ಬಿಡಿಸ್ಕೋಬೋದು. ಎಂಥಾ ಎನ್‌ಕ್ರಿಪ್ಷನ್ ಹಾಕಿದ್ರೂ ಇದು ಬದಲಾಗಲ್ಲ. ಆದ್ರಿಂದ ನಿಮ್ಮ ಶ್ರಮದಲ್ಲಿ ಮುಕ್ಕಾಲು ಪಾಲು ಹೋಗ್ಬೇಕಾದ್ದು ಎರಡು ಕಡೆಗೆ: ಆದಷ್ಟು ಮಟ್ಟಿಗೆ ಕ್ಲೈಂಟ್ ಮಷೀನ್‌ನಲ್ಲಿ ಪಾಸ್‌ವರ್ಡೇ ಇಲ್ಲದ ಹಾಗೆ ಮಾಡೋದು, ಇರಲೇಬೇಕು ಅಂದ್ರೆ ಅದು ಕಳ್ಳನ ಕೈಗೆ ಸಿಕ್ಕಿದ್ರೂ ಅವನಿಗೆ ಹೆಚ್ಚೇನೂ ಮಾಡಕ್ಕೆ ಆಗದ ಹಾಗೆ ಮಾಡೋದು. ಬಚ್ಚಿಡೋ ಕೆಲಸ ಉಳಿದ ಕಾಲು ಪಾಲು.

ಪಾಸ್‌ವರ್ಡನ್ನ ಕೋಡ್ ಒಳಗೇ ಬರೆದುಬಿಟ್ರೆ ಏನಾಗತ್ತೆ ಅನ್ನೋದಕ್ಕೆ ನಂಗೆ ಗೊತ್ತಿರೋದ್ರಲ್ಲಿ ದೊಡ್ಡ ಉದಾಹರಣೆ ಸ್ಟಕ್ಸ್‌ನೆಟ್. 2010ರ ಜೂನ್‌ನಲ್ಲಿ ಬೆಲಾರುಸ್‌ನ ಒಂದು ಆಂಟಿವೈರಸ್ ಕಂಪನಿ ಈ ವರ್ಮನ್ನ ಪತ್ತೆ ಮಾಡ್ತು, ಅದರ ಗುರಿ ಇದ್ದದ್ದು ಇರಾನಿನ ನತಾಂಜ್ ಯುರೇನಿಯಂ ಘಟಕ. ಕಾರ್ಖಾನೆ ಯಂತ್ರಗಳನ್ನ ನೋಡಿಕೊಳ್ಳೋ ಸೀಮೆನ್ಸ್‌ನ ವಿನ್‌ಸಿಸಿ ಅನ್ನೋ ವಿಂಡೋಸ್ ಸಾಫ್ಟ್‌ವೇರು ತೆರೆಮರೆಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಬಳಸ್ತಿತ್ತು, ಅದಕ್ಕೆ ಕನೆಕ್ಟ್ ಆಗೋ ಯೂಸರ್ ಹೆಸರು ಪಾಸ್‌ವರ್ಡ್ ಎರಡೂ ಸಾಫ್ಟ್‌ವೇರ್ ಒಳಗೇ ಬರೆದಿದ್ರು, ಎಲ್ಲಾ ಗ್ರಾಹಕರಿಗೂ ಒಂದೇ. ಆ ಪಾಸ್‌ವರ್ಡ್ 2008ರಲ್ಲೇ ಇಂಟರ್ನೆಟ್‌ನಲ್ಲಿ ಹೊರಗೆ ಬಂದಿತ್ತು. ಸ್ಟಕ್ಸ್‌ನೆಟ್ ಅದನ್ನೇ ಬಳಸಿ ಡೇಟಾಬೇಸ್ ಸರ್ವರ್‌ಗೆ ನುಗ್ಗಿ ಅಲ್ಲಿಂದ ಆ ಮಷೀನನ್ನೂ ಹಿಡೀತು. ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ, ವಿಷಯ ಹೊರಗೆ ಬಂದ್ಮೇಲೂ ಸೀಮೆನ್ಸ್ ತನ್ನ ಗ್ರಾಹಕರಿಗೆ ಪಾಸ್‌ವರ್ಡ್ ಬದಲಾಯಿಸ್ಬೇಡಿ ಅಂತ ಹೇಳ್ಬೇಕಾಯ್ತು, ಯಾಕಂದ್ರೆ ಬದಲಾಯಿಸಿದ್ರೆ ಸಾಫ್ಟ್‌ವೇರೇ ಕನೆಕ್ಟ್ ಆಗದೆ ಪ್ಲಾಂಟಿನ ಕೆಲಸಕ್ಕೆ ತೊಂದರೆ ಆಗ್ಬೋದಿತ್ತು. ಅಂದ್ರೆ ಸೋರಿದ್ದು ಗೊತ್ತು, ಆದ್ರೂ ಕೈ ಕಟ್ಟಿ ಕೂರಬೇಕು. ಕೋಡ್ ಒಳಗೆ ಪಾಸ್‌ವರ್ಡ್ ಬರೆದಾಗ ಬರೋ ನಿಜವಾದ ಕಷ್ಟ ಇದು.

ಮೊದಲು ನಿಮ್ಮದನ್ನ ನೀವೇ ಒಡೆದು ನೋಡಿ

ಬೇರೇನೂ ಮಾಡೋ ಮುಂಚೆ ಅರ್ಧ ಗಂಟೆ ಇದಕ್ಕೆ ಕೊಡಿ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಕಟ್ಟಿನಲ್ಲಿ ಸ್ಟ್ರಿಂಗ್ಸ್ ಅಂತ ಒಂದು ಚಿಕ್ಕ ಟೂಲ್ ಇದೆ, ಫ್ರೀ. ಕಮಾಂಡ್ ಪ್ರಾಂಪ್ಟ್ ತೆಗೆದು ನಿಮ್ಮ ಇಎಕ್ಸ್‌ಇ ಇರೋ ಫೋಲ್ಡರ್‌ಗೆ ಹೋಗಿ, ಸ್ಟ್ರಿಂಗ್ಸ್ ಅಂತ ಹೊಡೆದು ಇಎಕ್ಸ್‌ಇ ಹೆಸರು ಕೊಡಿ, ಬರೋ ಔಟ್‌ಪುಟ್ಟನ್ನ ಫೈಂಡ್‌ಸ್ಟರ್‌ಗೆ ಪೈಪ್ ಮಾಡಿ ಪಾಸ್‌ವರ್ಡ್ ಅನ್ನೋ ಪದ ಹುಡುಕಿ, ಆಮೇಲೆ ಅದರ ಚುಟುಕು ರೂಪ ಪಿಡಬ್ಲ್ಯೂಡಿ ಅಂತ ಹುಡುಕಿ, ಡೇಟಾ ಸೋರ್ಸ್ ಅಂತಲೂ ಹುಡುಕಿ. ಡಾಟ್‌ನೆಟ್ ಆಗ್ಲಿ ಹಳೇ ವಿಬಿ 6 ಆಗ್ಲಿ ಸ್ಟ್ರಿಂಗ್‌ಗಳನ್ನ ಯೂನಿಕೋಡ್‌ನಲ್ಲಿ ಇಡತ್ತೆ, ಅದಕ್ಕೆ ಸಾದಾ ಟೆಕ್ಸ್ಟ್ ಸರ್ಚ್‌ನಲ್ಲಿ ಕಾಣ್ದೇ ಇದ್ದದ್ದು ಇದರಲ್ಲಿ ಕಾಣತ್ತೆ, ಈ ಟೂಲ್ ಎರಡೂ ಥರ ಹುಡುಕತ್ತೆ. ಕನೆಕ್ಷನ್ ಸ್ಟ್ರಿಂಗ್, ಅಂದ್ರೆ ಸರ್ವರ್, ಡೇಟಾಬೇಸ್, ಯೂಸರ್, ಪಾಸ್‌ವರ್ಡ್ ಎಲ್ಲಾ ಇರೋ ಆ ಸಾಲು, ಕೋಡ್‌ನಲ್ಲಿ ಬರೆದಿದ್ರೆ ಪೂರ್ತಿ ಬಂದು ಬೀಳತ್ತೆ.

ಆಮೇಲೆ ಐಎಲ್‌ಸ್ಪೈ ಅನ್ನೋ ಡಿಕಂಪೈಲರ್ (ಇಎಕ್ಸ್‌ಇಯನ್ನ ವಾಪಸ್ ಕೋಡ್ ಮಾಡಿ ತೋರಿಸೋ ಟೂಲ್) ಇನ್‌ಸ್ಟಾಲ್ ಮಾಡಿ ಅದೇ ಇಎಕ್ಸ್‌ಇಯನ್ನ ಅದರೊಳಗೆ ಎಳೆದು ಬಿಡಿ. ಎಡಗಡೆ ನಿಮ್ಮ ಕ್ಲಾಸ್‌ಗಳ ಹೆಸರು, ಬಲಗಡೆ ಹೆಚ್ಚುಕಮ್ಮಿ ನೀವು ಬರೆದ ಸಿ ಶಾರ್ಪ್ ಕೋಡೇ. ಪಾಸ್‌ವರ್ಡನ್ನ ಬೇಸ್ 64ಗೆ ತಿರುಗಿಸಿ ಇಟ್ಟಿದ್ರೆ ಅದನ್ನ ವಾಪಸ್ ತಿರುಗಿಸೋ ಸಾಲೂ ಅಲ್ಲೇ ಕಾಣತ್ತೆ, ಬೇಸ್ 64 ಎನ್‌ಕ್ರಿಪ್ಷನ್ ಅಲ್ವೇ ಅಲ್ಲ. ಎಇಎಸ್ ಅನ್ನೋ ನಿಜವಾದ ಎನ್‌ಕ್ರಿಪ್ಷನ್ನೇ ಹಾಕಿ ಅದರ ಕೀಯನ್ನ ಕೋಡ್‌ನಲ್ಲೇ ಬರೆದಿದ್ರೆ ಅದು ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನ ಚಿಲಕಕ್ಕೇ ಕಟ್ಟಿಟ್ಟ ಹಾಗೆ. ಕೋಡನ್ನ ಗೋಜಲು ಮಾಡೋ ಆಬ್‌ಫಸ್ಕೇಟರ್ ಹಾಕ್ತೀನಿ ಅಂದ್ರೆ ಹಾಕಿ, ಓದೋದು ಕಷ್ಟ ಆಗತ್ತೆ ನಿಜ, ಆದ್ರೆ ಕೊನೆಗೆ ಆ ಸ್ಟ್ರಿಂಗ್ ಪೂರ್ತಿ ಬಿಚ್ಚಿಕೊಂಡು ಎಸ್‌ಕ್ಯೂಎಲ್ ಕನೆಕ್ಷನ್ ಆಬ್ಜೆಕ್ಟ್ ಕೈಗೆ ಹೋಗಲೇಬೇಕಲ್ಲ, ಡಿಎನ್‌ಸ್ಪೈ ಥರದ ಡಿಬಗ್ಗರ್‌ನಲ್ಲಿ ಅಲ್ಲೊಂದು ಬ್ರೇಕ್‌ಪಾಯಿಂಟ್ ಇಟ್ರೆ ಮುಗೀತು. ಅದೂ ಬೇಡ ಅಂದ್ರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೋಗ್ರಾಮ್ ಮೇಲೆ ರೈಟ್ ಕ್ಲಿಕ್ ಮಾಡಿ ಮೆಮೊರಿ ಡಂಪ್ ತಗೊಂಡು ಆ ಫೈಲ್ ಮೇಲೆ ಅದೇ ಸ್ಟ್ರಿಂಗ್ಸ್ ಓಡಿಸಿದ್ರೂ ಸಿಗೋ ಸಾಧ್ಯತೆ ಜಾಸ್ತಿ. ಡಾಟ್‌ನೆಟ್‌ನ ಸೆಕ್ಯೂರ್‌ಸ್ಟ್ರಿಂಗ್ ಕ್ಲಾಸ್ ಇದಕ್ಕೆ ಮದ್ದು ಅಂತ ಕೆಲವರು ಹೇಳ್ತಾರೆ, ಹೊಸ ಕೋಡ್‌ನಲ್ಲಿ ಅದನ್ನ ಬಳಸ್ಬೇಡಿ ಅಂತ ಮೈಕ್ರೋಸಾಫ್ಟೇ ಹೇಳತ್ತೆ.

ಬೇರೆ ಕಡೆನೂ ಇದೇ ಕಥೆ. ಜಾವಾ ಜಾರ್ ಬಿಚ್ಚಕ್ಕೆ ಡಿಕಂಪೈಲರ್ ಬೇಕಾದಷ್ಟಿವೆ, ಪೈಇನ್‌ಸ್ಟಾಲರ್‌ನಲ್ಲಿ ಕಟ್ಟಿದ ಪೈಥಾನ್ ಪ್ರೋಗ್ರಾಮನ್ನೂ ಬಿಚ್ಚಬೋದು, ಎಲೆಕ್ಟ್ರಾನ್ ಆಪ್‌ನ ಅಸಾರ್ ಫೈಲ್ ಬಿಚ್ಚಿದ್ರೆ ಒಳಗೆ ಮರೆತು ಸೇರಿಸಿದ, ಪಾಸ್‌ವರ್ಡ್ ಥರದ ಸೆಟ್ಟಿಂಗ್ ಇರೋ ಎನ್ವ್ ಫೈಲ್ ಸಮೇತ ಸಿಗತ್ತೆ. ಎಂಎಸ್ ಆಕ್ಸೆಸ್‌ನಲ್ಲಿ ಲಿಂಕ್ಡ್ ಟೇಬಲ್ ಮಾಡುವಾಗ ಪಾಸ್‌ವರ್ಡ್ ಸೇವ್ ಮಾಡು ಅಂತ ಟಿಕ್ ಹಾಕಿದ್ರೆ ಅದು ಆ ಫೈಲಿನ ಸಿಸ್ಟಮ್ ಟೇಬಲ್‌ನಲ್ಲೇ ಕೂತಿರತ್ತೆ.

ಪಾಸ್‌ವರ್ಡೇ ಬೇಡ ಅನ್ನೋ ದಾರಿ

ಆಫೀಸಲ್ಲಿ ಆಕ್ಟಿವ್ ಡೈರೆಕ್ಟರಿ ಡೊಮೇನ್ (ಎಲ್ಲಾ ಕಂಪ್ಯೂಟರಿನ ಲಾಗಿನ್‌ಗಳನ್ನ ಒಂದೇ ಕಡೆಯಿಂದ ನೋಡ್ಕೊಳೋ ವಿಂಡೋಸ್ ವ್ಯವಸ್ಥೆ) ಇದ್ರೆ ಬೇರೆ ಯೋಚನೆ ಮಾಡ್ಲೇಬೇಡಿ, ವಿಂಡೋಸ್ ಅಥೆಂಟಿಕೇಷನ್‌ಗೆ ಹೋಗಿ. ಯೂಸರ್ ಬೆಳಿಗ್ಗೆ ಕಂಪ್ಯೂಟರ್‌ಗೆ ಲಾಗಿನ್ ಆದದ್ದೇ ಸಾಕು, ಎಸ್‌ಕ್ಯೂಎಲ್ ಸರ್ವರ್ ಅದನ್ನೇ ನಂಬತ್ತೆ, ನಿಮ್ಮ ಪ್ರೋಗ್ರಾಮ್‌ನಲ್ಲಿ ಕದಿಯಕ್ಕೆ ಪಾಸ್‌ವರ್ಡೇ ಇರಲ್ಲ. ಡೊಮೇನ್‌ನಲ್ಲಿ ಬಿಲ್ಲಿಂಗ್‌ನೋರಿಗೆ ಒಂದು ಗ್ರೂಪು, ಅಕೌಂಟ್ಸ್‌ನೋರಿಗೆ ಇನ್ನೊಂದು ಗ್ರೂಪು ಮಾಡಿ. ಎಸ್‌ಕ್ಯೂಎಲ್ ಸರ್ವರ್‌ನ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಸೆಕ್ಯುರಿಟಿ, ಲಾಗಿನ್ಸ್, ನ್ಯೂ ಲಾಗಿನ್‌ಗೆ ಹೋಗಿ ಗ್ರೂಪನ್ನ ಸೇರಿಸಿ. ಅಲ್ಲಿ ಸರ್ಚ್ ಮಾಡಿದ್ರೆ ಗ್ರೂಪ್ ಸಿಗ್ತಾನೇ ಇಲ್ಲ ಅಂತ ಜನ ಒದ್ದಾಡ್ತಾರೆ, ಆಬ್ಜೆಕ್ಟ್ ಟೈಪ್ಸ್ ಬಟನ್ ಒತ್ತಿ ಗ್ರೂಪ್ಸ್‌ಗೆ ಟಿಕ್ ಹಾಕ್ಬೇಕು, ಮಾಮೂಲಾಗಿ ಅದು ಖಾಲಿ ಇರತ್ತೆ. ಆಮೇಲೆ ಕನೆಕ್ಷನ್ ಸ್ಟ್ರಿಂಗ್‌ನಿಂದ ಯೂಸರ್ ಐಡಿ, ಪಾಸ್‌ವರ್ಡ್ ಎರಡನ್ನೂ ಕಿತ್ತು ಹಾಕಿ ಇಂಟಿಗ್ರೇಟೆಡ್ ಸೆಕ್ಯುರಿಟಿ=ಟ್ರೂ ಅಂತ ಬರೀರಿ. ಕಿತ್ತು ಹಾಕೋದನ್ನ ಮರೀಬೇಡಿ, ಇಂಟಿಗ್ರೇಟೆಡ್ ಇದ್ದಾಗ ಹಳೇ ಪಾಸ್‌ವರ್ಡನ್ನ ಡ್ರೈವರ್ ಲೆಕ್ಕಕ್ಕೇ ತಗೊಳಲ್ಲ, ಪ್ರೋಗ್ರಾಮ್ ಸರಿಯಾಗಿ ಓಡತ್ತೆ, ಆದ್ರೆ ಪಾಸ್‌ವರ್ಡ್ ಮಾತ್ರ ಫೈಲಲ್ಲಿ ಹಾಗೇ ಉಳಿದಿರತ್ತೆ.

ಡೊಮೇನ್ ಇಲ್ಲದ ಚಿಕ್ಕ ಆಫೀಸಲ್ಲೂ ಇದನ್ನ ಮಾಡ್ಬೋದು. ಕ್ಲೈಂಟ್ ಮಷೀನ್‌ನಲ್ಲಿರೋ ಲೋಕಲ್ ಅಕೌಂಟಿನ ಹೆಸರು ಪಾಸ್‌ವರ್ಡನ್ನೇ ಸರ್ವರ್ ಮಷೀನ್‌ನಲ್ಲೂ ಹಾಗ್ಹಾಗೇ ಸೃಷ್ಟಿ ಮಾಡಿದ್ರೆ ಕನೆಕ್ಟ್ ಆಗತ್ತೆ. ಖಾಲಿ ಪಾಸ್‌ವರ್ಡ್ ಇಟ್ಟಿರೋ ಅಕೌಂಟ್‌ಗೆ ಇದು ನಡೆಯಲ್ಲ, ವಿಂಡೋಸ್ ಅದನ್ನ ನೆಟ್‌ವರ್ಕ್ ಮೇಲೆ ಬಿಡಲ್ಲ. ಐದಾರು ಮಷೀನ್ ಆದ್ರೆ ಪರವಾಗಿಲ್ಲ, ಜಾಸ್ತಿ ಆದ್ರೆ ನಿಭಾಯಿಸೋದು ಕಷ್ಟ. ಪೋಸ್ಟ್‌ಗ್ರೆಸ್‌ನಲ್ಲಿ ಎಸ್‌ಎಸ್‌ಪಿಐ ಮೂಲಕ ವಿಂಡೋಸ್ ಲಾಗಿನ್ ಬಳಸ್ಬೋದು, ಮೈಎಸ್‌ಕ್ಯೂಎಲ್‌ನಲ್ಲಿ ಆ ಪ್ಲಗಿನ್ ಬರೋದು ದುಡ್ಡು ಕೊಡೋ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ.

ಇಲ್ಲಿಗೆ ಕೆಲಸ ಮುಗೀತು ಅಂತ ತುಂಬಾ ಜನ ನಿಲ್ಲಿಸ್ತಾರೆ, ಆದ್ರೆ ಮುಗಿದಿಲ್ಲ. ಬಿಲ್ಲಿಂಗ್ ಕೌಂಟರ್‌ನಲ್ಲಿರೋ ಹುಡುಗ ಎಕ್ಸೆಲ್ ತೆಗೀತಾನೆ, ಡೇಟಾ ಟ್ಯಾಬ್‌ಗೆ ಹೋಗಿ ಗೆಟ್ ಡೇಟಾ ಒತ್ತಿ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಿಂದ ಅಂತ ಆರಿಸ್ತಾನೆ, ಸರ್ವರ್ ಹೆಸರು ಅವನಿಗೆ ಕಾನ್ಫಿಗ್ ಫೈಲಿಂದಲೇ ಗೊತ್ತು. ಪಾಸ್‌ವರ್ಡ್ ಏನೂ ಕೇಳಲ್ಲ, ಅವನ ವಿಂಡೋಸ್ ಲಾಗಿನ್‌ಗೇ ಪರ್ಮಿಷನ್ ಇದೆಯಲ್ಲ. ಟೇಬಲ್‌ಗಳ ಪಟ್ಟಿ ಬರತ್ತೆ, ಸಂಬಳದ ಟೇಬಲ್ ಮೇಲೆ ಕ್ಲಿಕ್ ಮಾಡ್ತಾನೆ, ಎಲ್ಲರ ಸಂಬಳ ಶೀಟ್‌ಗೆ ಬಂದು ಕೂರತ್ತೆ. ನಿಮ್ಮ ಪ್ರೋಗ್ರಾಮ್‌ನಲ್ಲಿ ಆ ಮೆನು ಅವನಿಗೆ ಕಾಣದ ಹಾಗೆ ಮಾಡಿದ್ರಿ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ.

ಇದಕ್ಕೆ ಉಪಾಯ ಸ್ಟೋರ್ಡ್ ಪ್ರೊಸೀಜರ್, ಅಂದ್ರೆ ಡೇಟಾಬೇಸ್ ಒಳಗೇ ಬರೆದಿಟ್ಟು ಹೆಸರು ಹಿಡಿದು ಕರೆಯೋ ಕೋಡ್. ಯೂಸರ್ ಗ್ರೂಪಿಗೆ ಟೇಬಲ್‌ಗಳ ಮೇಲೆ ಯಾವ ಹಕ್ಕೂ ಕೊಡ್ಬೇಡಿ, ಬಿಲ್ಲಿಂಗ್‌ಗೆ ಬೇಕಾದ ಪ್ರೊಸೀಜರ್‌ಗಳನ್ನೆಲ್ಲ ಒಂದು ಸ್ಕೀಮಾದಲ್ಲಿಟ್ಟು (ಡೇಟಾಬೇಸ್ ಒಳಗಿನ ಫೋಲ್ಡರ್ ಥರ) ಆ ಸ್ಕೀಮಾ ಮೇಲೆ ಎಕ್ಸಿಕ್ಯೂಟ್ ಹಕ್ಕು ಮಾತ್ರ ಕೊಡಿ. ಪ್ರೊಸೀಜರ್ ಮತ್ತೆ ಟೇಬಲ್ ಎರಡರ ಮಾಲೀಕ ಒಬ್ಬನೇ ಆಗಿದ್ರೆ ಎಸ್‌ಕ್ಯೂಎಲ್ ಸರ್ವರ್ ಟೇಬಲ್ ಮೇಲಿನ ಹಕ್ಕನ್ನ ಮತ್ತೆ ಕೇಳಲ್ಲ, ಪ್ರೊಸೀಜರ್ ಓಡತ್ತೆ, ನೇರವಾಗಿ ಸೆಲೆಕ್ಟ್ ಹೊಡೆದ್ರೆ ಮಾತ್ರ ಬಿಡಲ್ಲ. ಇದನ್ನ ಓನರ್‌ಶಿಪ್ ಚೈನಿಂಗ್ ಅಂತಾರೆ. ಪ್ರೊಸೀಜರ್ ಒಳಗೆ ಡೈನಾಮಿಕ್ ಎಸ್‌ಕ್ಯೂಎಲ್ (ಓಡುವಾಗ ಸ್ಟ್ರಿಂಗ್ ಜೋಡಿಸಿ ಕಟ್ಟೋ ಕ್ವೆರಿ) ಇದ್ರೆ ಈ ಸರಪಳಿ ಕಡಿದು ಹೋಗತ್ತೆ, ಅಲ್ಲಿ ಎಕ್ಸಿಕ್ಯೂಟ್ ಆಸ್ ಹಾಕ್ಬೇಕು ಇಲ್ಲಾ ಪ್ರೊಸೀಜರ್‌ಗೆ ಸರ್ಟಿಫಿಕೇಟ್‌ನಿಂದ ಸೈನ್ ಮಾಡ್ಬೇಕು. ಹಳೇ ಪ್ರೋಗ್ರಾಮ್, ಎಲ್ಲಾ ಫಾರ್ಮ್‌ನಲ್ಲೂ ಕ್ವೆರಿ ಬರೆದಿದೆ, ಒಂದೇ ಸಲ ಬದಲಾಯಿಸಕ್ಕೆ ಆಗಲ್ಲ ಅಂದ್ರೆ ಸಂಬಳ, ಬ್ಯಾಂಕ್ ವಿವರ, ರೋಗಿ ವಿವರ ಇರೋ ಟೇಬಲ್‌ಗಳಿಂದ ಶುರು ಮಾಡಿ, ಉಳಿದದ್ದು ನಿಧಾನಕ್ಕೆ ಆಗ್ಲಿ.

ಕೆಲವರು ಸರ್ವರ್‌ನಲ್ಲಿ ಲಾಗಾನ್ ಟ್ರಿಗ್ಗರ್ (ಯಾರಾದ್ರೂ ಲಾಗಿನ್ ಆದಾಗ ತಾನಾಗೇ ಓಡೋ ಕೋಡ್) ಹಾಕಿ ಅಪ್ಲಿಕೇಶನ್ ಹೆಸರು ನಮ್ಮದಾಗಿದ್ರೆ ಮಾತ್ರ ಒಳಗೆ ಬಿಡ್ತಾರೆ, ಎಕ್ಸೆಲ್ ಬಂದ್ರೆ ಓಡಿಸ್ತಾರೆ. ಆ ಹೆಸರನ್ನ ಕಳಿಸೋದು ಕ್ಲೈಂಟೇ, ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಅಪ್ಲಿಕೇಶನ್ ನೇಮ್ ಅಂತ ಯಾರು ಏನು ಬೇಕಾದ್ರೂ ಬರೀಬೋದು. ಇದನ್ನ ಭದ್ರತೆ ಅಂತ ನಂಬ್ಕೋಬೇಡಿ. ಅಪ್ಲಿಕೇಶನ್ ರೋಲ್ ಅಂತ ಇನ್ನೊಂದಿದೆ, ಹಕ್ಕನ್ನ ಯೂಸರ್ ಬದಲು ಪ್ರೋಗ್ರಾಮ್‌ಗೆ ಕೊಡೋದು, ಅದನ್ನ ಚಾಲೂ ಮಾಡಕ್ಕೂ ಒಂದು ಪಾಸ್‌ವರ್ಡ್ ಬೇಕು, ಆ ಪಾಸ್‌ವರ್ಡ್ ಎಲ್ಲಿಡ್ತೀರಾ? ಮತ್ತೆ ಅದೇ ಪ್ರಶ್ನೆ.

ಪಾಸ್‌ವರ್ಡನ್ನ ಯೂಸರ್ ಕೈಲೇ ಹೊಡೆಸಿ

ವಿಂಡೋಸ್ ಅಥೆಂಟಿಕೇಷನ್ ಆಗಲ್ಲ ಅಂದ್ರೆ ಮುಂದಿನ ದಾರಿ ಇದು. ನಮ್ಮ ಕಡೆ ಎಲ್ಲರೂ ಬರೆಯೋ ಮಾದರಿ ಒಂದಿದೆ: ಪ್ರೋಗ್ರಾಮು ಎಲ್ಲರಿಗೂ ಸೇರಿದ ಒಂದೇ ಡೇಟಾಬೇಸ್ ಲಾಗಿನ್‌ನಿಂದ ಕನೆಕ್ಟ್ ಆಗತ್ತೆ, ಆಮೇಲೆ ಯೂಸರ್ ಹೆಸರು ಪಾಸ್‌ವರ್ಡ್ ಕೇಳತ್ತೆ, ಯೂಸರ್ಸ್ ಟೇಬಲ್‌ನಲ್ಲಿ ನೋಡಿ ಸರಿ ಇದ್ರೆ ಮೇನ್ ಸ್ಕ್ರೀನ್ ತೋರಿಸತ್ತೆ. ಇಲ್ಲಿ ಯೂಸರ್ ಹೊಡೆದ ಪಾಸ್‌ವರ್ಡಿಗೂ ಡೇಟಾಬೇಸ್‌ಗೂ ಸಂಬಂಧವೇ ಇಲ್ಲ, ಪರೀಕ್ಷೆ ನಡೆಯೋ ಹೊತ್ತಿಗೆ ಬಾಗಿಲು ಆಗ್ಲೇ ತೆರೆದಿದೆ. ಅದರ ಬದಲು ಪ್ರತಿಯೊಬ್ಬರಿಗೂ ಎಸ್‌ಕ್ಯೂಎಲ್ ಸರ್ವರ್‌ನಲ್ಲೇ ಬೇರೆ ಬೇರೆ ಲಾಗಿನ್ ಮಾಡಿ, ಲಾಗಿನ್ ಸ್ಕ್ರೀನ್‌ನಲ್ಲಿ ಹೊಡೆದದ್ದನ್ನೇ ಹಾಕಿ ಕನೆಕ್ಷನ್ ಸ್ಟ್ರಿಂಗ್ ಕಟ್ಟಿ. ಕಟ್ಟಕ್ಕೆ ಎಸ್‌ಕ್ಯೂಎಲ್ ಕನೆಕ್ಷನ್ ಸ್ಟ್ರಿಂಗ್ ಬಿಲ್ಡರ್ ಕ್ಲಾಸನ್ನೇ ಬಳಸಿ, ಪ್ಲಸ್ ಹಾಕಿ ಜೋಡಿಸಿದ್ರೆ ಯಾರೋ ಪಾಸ್‌ವರ್ಡ್ ಬಾಕ್ಸಲ್ಲಿ ಸೆಮಿಕೋಲನ್ ಹೊಡೆದು ಬೇರೆ ಸೆಟ್ಟಿಂಗ್ ನುಗ್ಗಿಸ್ಬೋದು. ಪಾಸ್‌ವರ್ಡ್ ತಪ್ಪಿದ್ರೆ ಎರರ್ ನಂಬರ್ 18456 ಬರತ್ತೆ. ಹೊಸಬರಿಗೆ ಲಾಗಿನ್ ಮಾಡಿಕೊಡುವಾಗ ಮೊದಲ ಸಲವೇ ಪಾಸ್‌ವರ್ಡ್ ಬದಲಾಯಿಸ್ಬೇಕು ಅಂತ ಟಿಕ್ ಹಾಕಿ, ಆಗ 18488 ಬರತ್ತೆ, ಅವಧಿ ಮುಗಿದಿದ್ರೆ 18487. ಈ ಎರಡನ್ನ ಹಿಡಿದು ಹೊಸ ಪಾಸ್‌ವರ್ಡ್ ಕೇಳೋ ಸ್ಕ್ರೀನ್ ತೋರಿಸಿ ಎಸ್‌ಕ್ಯೂಎಲ್ ಕನೆಕ್ಷನ್ ಕ್ಲಾಸಿನ ಚೇಂಜ್ ಪಾಸ್‌ವರ್ಡ್ ಮೆಥಡ್ ಕರೆದ್ರೆ ಆಯ್ತು. ಇದರಲ್ಲಿ ಇನ್ನೊಂದು ದೊಡ್ಡ ಲಾಭ ಇದೆ, ಯಾವ ರಸೀದಿ ಯಾರು ಅಳಿಸಿದ್ರು ಅನ್ನೋದು ಸರ್ವರ್‌ಗೇ ಗೊತ್ತಿರತ್ತೆ, ಎಲ್ಲರೂ ಒಂದೇ ಲಾಗಿನ್ ಆದ್ರೆ ಆ ಪ್ರಶ್ನೆಗೆ ಸರ್ವರ್ ಹತ್ರ ಉತ್ತರವೇ ಇರಲ್ಲ.

ನಡುವೆ ಒಂದು ಎಪಿಐ

ಬ್ರಾಂಚ್‌ಗಳು ಬೇರೆ ಬೇರೆ ಊರಲ್ಲಿದ್ದು ಡೇಟಾಬೇಸ್ ಒಂದೇ ಕಡೆ ಇದ್ರೆ ದಯವಿಟ್ಟು ಎಸ್‌ಕ್ಯೂಎಲ್ ಸರ್ವರ್ ಬಳಸೋ 1433 ಪೋರ್ಟನ್ನ ಇಂಟರ್ನೆಟ್‌ಗೆ ತೆರೀಬೇಡಿ. ಮಧ್ಯದಲ್ಲೊಂದು ಎಪಿಐ ಇಡಿ, ಅಂದ್ರೆ ಕ್ಲೈಂಟ್ ಕೇಳಿದ್ದನ್ನ ಡೇಟಾಬೇಸ್‌ನಿಂದ ತಂದುಕೊಡೋ ಒಂದು ಸರ್ವರ್ ಪ್ರೋಗ್ರಾಮು, ಡೇಟಾಬೇಸ್ ಪಾಸ್‌ವರ್ಡ್ ಆ ಸರ್ವರ್‌ನಲ್ಲಿ ಮಾತ್ರ ಇರ್ಲಿ, ಡೆಸ್ಕ್‌ಟಾಪ್ ಪ್ರೋಗ್ರಾಮ್ ಯೂಸರ್ ಹೆಸರಲ್ಲಿ ಲಾಗಿನ್ ಆಗಿ ಒಂದು ಟೋಕನ್ (ತಾತ್ಕಾಲಿಕ ಗುರುತಿನ ಚೀಟಿ) ತಗೊಂಡು ಅದರಲ್ಲಿ ಮಾತಾಡ್ಲಿ. ಟೋಕನ್ ಕಳುವಾದ್ರೂ ಅದು ಒಬ್ಬ ಯೂಸರ್‌ದು, ಕೆಲವು ಗಂಟೆ ಬಾಳೋದು, ಸರ್ವರ್‌ನಿಂದ ರದ್ದು ಮಾಡ್ಬೋದು. ಹೊಸ ಸಾಫ್ಟ್‌ವೇರ್ ಶುರು ಮಾಡೋರು ಒಂದೇ ಆಫೀಸ್‌ಗೆ ಆದ್ರೂ ಹೀಗೇ ಮಾಡಿ ಅಂತ ನಾನು ಹೇಳೋದು. ಆದ್ರೆ ಹಳೇದನ್ನ ಬೇಗ ಬದಲಾಯಿಸೋ ಆತುರದಲ್ಲಿ ಕೆಲವರು ಎಪಿಐನಲ್ಲಿ ಒಂದೇ ಒಂದು ಎಂಡ್‌ಪಾಯಿಂಟ್ (ಕ್ಲೈಂಟ್ ಕರೆಯೋ ವಿಳಾಸ) ಬರೀತಾರೆ, ಕ್ಲೈಂಟ್ ಕಳಿಸಿದ ಎಸ್‌ಕ್ಯೂಎಲ್ ಸಾಲನ್ನ ಹಾಗೇ ಓಡಿಸಿ ಉತ್ತರ ಕೊಡೋದು. ಅದು ಪಾಸ್‌ವರ್ಡ್ ಕೊಟ್ಟದ್ದಕ್ಕಿಂತ ಅಪಾಯ. ಬಿಲ್ ಸೇರಿಸು, ರೋಗಿಯನ್ನ ಹುಡುಕು, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಎಂಡ್‌ಪಾಯಿಂಟ್ ಇರ್ಬೇಕು, ಪ್ರತಿಯೊಂದರಲ್ಲೂ ಈ ಯೂಸರ್‌ಗೆ ಇದರ ಹಕ್ಕಿದೆಯಾ ಅಂತ ಸರ್ವರ್ ಕಡೆ ನೋಡ್ಬೇಕು.

ಇಡಲೇಬೇಕು ಅಂದ್ರೆ

ರಾತ್ರಿ ತಾನಾಗೇ ಓಡೋ ಸಿಂಕ್ ಪ್ರೋಗ್ರಾಮು, ಯಾರೂ ಕೂರದ ಕಿಯಾಸ್ಕು, ಬದಲಾಯಿಸಕ್ಕಾಗದ ಹಳೇ ಸಾಫ್ಟ್‌ವೇರು, ಇಂಥ ಕಡೆ ಪಾಸ್‌ವರ್ಡ್ ಮಷೀನ್‌ನಲ್ಲಿ ಇಡಲೇಬೇಕಾಗತ್ತೆ. ವಿಂಡೋಸ್‌ನಲ್ಲಿ ಅದಕ್ಕಿರೋದು ಡಿಪಿಎಪಿಐ, ಡೇಟಾ ಪ್ರೊಟೆಕ್ಷನ್ ಎಪಿಐ ಅಂತ, ವಿಂಡೋಸ್ 2000ರಿಂದಲೇ ಇದೆ. ಇದರಲ್ಲಿ ಕೀ ಎಲ್ಲಿಡೋದು ಅನ್ನೋ ತಲೆನೋವು ನಿಮಗಿಲ್ಲ, ವಿಂಡೋಸೇ ನೋಡ್ಕೊಳತ್ತೆ. ಸಿ ಶಾರ್ಪ್‌ನಲ್ಲಿ ಪ್ರೊಟೆಕ್ಟೆಡ್‌ಡೇಟಾ ಕ್ಲಾಸಿನ ಪ್ರೊಟೆಕ್ಟ್, ಅನ್‌ಪ್ರೊಟೆಕ್ಟ್ ಅಂತ ಎರಡೇ ಮೆಥಡ್. ಹಳೇ ಡಾಟ್‌ನೆಟ್ ಫ್ರೇಮ್‌ವರ್ಕ್ ಆದ್ರೆ ಸಿಸ್ಟಮ್.ಸೆಕ್ಯುರಿಟಿ ರೆಫರೆನ್ಸ್ ಸೇರಿಸಿ, ಹೊಸ ಡಾಟ್‌ನೆಟ್ ಆದ್ರೆ ನ್ಯೂಗೆಟ್‌ನಿಂದ ಪ್ಯಾಕೇಜ್ ಹಾಕ್ಕೊಳಿ.

ಸ್ಕೋಪ್ ಆರಿಸೋದ್ರಲ್ಲಿ ಹುಷಾರಾಗಿರಿ. ಕರೆಂಟ್ ಯೂಸರ್ ಅಂತ ಕೊಟ್ರೆ ಆ ವಿಂಡೋಸ್ ಯೂಸರ್ ಮಾತ್ರ ಬಿಚ್ಚಬೋದು, ಅದೇ ಮಷೀನ್‌ಗೆ ಬೇರೆ ಯೂಸರ್ ಬಂದ್ರೆ ಆಗಲ್ಲ. ಲೋಕಲ್ ಮಷೀನ್ ಅಂತ ಕೊಟ್ರೆ ಆ ಮಷೀನ್‌ನಲ್ಲಿ ಲಾಗಿನ್ ಆದ ಯಾರು ಬೇಕಾದ್ರೂ ಬಿಚ್ಚಬೋದು, ಆದ್ರಿಂದ ಆ ಫೈಲ್ ಮೇಲೆ ಎನ್‌ಟಿಎಫ್‌ಎಸ್ ಪರ್ಮಿಷನ್ (ಫೈಲನ್ನ ಯಾರು ಓದ್ಬೋದು ಅನ್ನೋ ವಿಂಡೋಸ್ ಸೆಟ್ಟಿಂಗ್) ಬಿಗಿ ಮಾಡದೆ ಇದನ್ನ ಬಳಸಿದ್ರೆ ಪ್ರಯೋಜನ ಕಮ್ಮಿ. ಸಿಂಕ್ ಪ್ರೋಗ್ರಾಮ್ ಆದ್ರೆ ಅದನ್ನ ವಿಂಡೋಸ್ ಸರ್ವೀಸ್ ಮಾಡಿ, ಅದಕ್ಕೇ ಅಂತ ಒಂದು ಅಕೌಂಟ್ ಕೊಟ್ಟು, ಆ ಅಕೌಂಟಿಗೆ ಮಾತ್ರ ಫೈಲ್ ಓದಕ್ಕೆ ಬಿಟ್ರೆ ಮುಂದೆ ಕೂತ ಸಾಮಾನ್ಯ ಯೂಸರ್‌ಗೆ ಅದು ಸಿಗಲ್ಲ, ಆ ಮಷೀನ್‌ಗೆ ಅಡ್ಮಿನ್ ಆದವರಿಗೆ ಮಾತ್ರ ಸಿಗತ್ತೆ. ಕರೆಂಟ್ ಯೂಸರ್ ಸ್ಕೋಪ್‌ನಲ್ಲೂ ಆ ಯೂಸರ್ ಹೆಸರಲ್ಲಿ ಓಡೋ ಯಾವ ಪ್ರೋಗ್ರಾಮ್ ಆದ್ರೂ ಬಿಚ್ಚಬೋದು ಅನ್ನೋದು ನೆನಪಿರ್ಲಿ, ಪಾಸ್‌ವರ್ಡ್ ಇಟ್ಕೊಳಕ್ಕೆ ವಿಂಡೋಸ್‌ನಲ್ಲೇ ಇರೋ ಕ್ರೆಡೆನ್ಷಿಯಲ್ ಮ್ಯಾನೇಜರ್‌ಗೂ ಇದೇ ಮಿತಿ. ಹಾಗಾದ್ರೆ ಇದು ಯಾತಕ್ಕೆ ಅಂದ್ರೆ, ಫೈಲನ್ನ ಪೆನ್ ಡ್ರೈವ್‌ನಲ್ಲಿ ಕಾಪಿ ಮಾಡ್ಕೊಂಡು ಹೋದವನಿಗೆ, ಆ ಫೈಲಿನ ಬ್ಯಾಕಪ್ ಕದ್ದವನಿಗೆ ಅದು ಬಿಚ್ಚಕ್ಕೆ ಆಗಲ್ಲ. ನಿಜ ಜೀವನದಲ್ಲಿ ಸೋರಿಕೆ ಆಗೋದು ಹೆಚ್ಚಾಗಿ ಇಂಥ ದಾರೀಲೇ.

ಪ್ರೋಗ್ರಾಮ್‌ನ ಕಾನ್ಫಿಗ್ ಫೈಲ್ ಬಿಡಕ್ಕೆ ಇಷ್ಟ ಇಲ್ಲ ಅಂದ್ರೆ ಕನೆಕ್ಷನ್ ಸ್ಟ್ರಿಂಗ್ಸ್ ಸೆಕ್ಷನ್ ಮೇಲೆ ಪ್ರೊಟೆಕ್ಟ್ ಸೆಕ್ಷನ್ ಮೆಥಡ್ ಕರೆದು ಡೇಟಾ ಪ್ರೊಟೆಕ್ಷನ್ ಪ್ರೊವೈಡರ್ ಹೆಸರು ಕೊಟ್ರೆ ಆ ಭಾಗ ಪೂರ್ತಿ ಎನ್‌ಕ್ರಿಪ್ಟ್ ಆಗತ್ತೆ, ಓದೋ ಕೋಡ್ ಬದಲಾಯಿಸೋದೇ ಬೇಡ. ಇದನ್ನ ಮಾಡ್ಬೇಕಾದ್ದು ಪ್ರತಿ ಮಷೀನ್‌ನಲ್ಲಿ, ಇನ್‌ಸ್ಟಾಲ್ ಮಾಡುವಾಗ. ನಿಮ್ಮ ಮಷೀನ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿ ಸೆಟಪ್‌ಗೆ ಸೇರಿಸಿ ಕಳಿಸಿದ್ರೆ ಗ್ರಾಹಕರ ಕಡೆ ಅದು ಬಿಚ್ಚಲ್ಲ, ಕೀ ನಾಟ್ ವ್ಯಾಲಿಡ್ ಫಾರ್ ಯೂಸ್ ಇನ್ ಸ್ಪೆಸಿಫೈಡ್ ಸ್ಟೇಟ್ ಅಂತ ಎರರ್ ಬರತ್ತೆ. ಲೋಕಲ್ ಅಕೌಂಟಿನ ಪಾಸ್‌ವರ್ಡನ್ನ ಅಡ್ಮಿನ್ ಜಬರ್ದಸ್ತಿಯಿಂದ ರೀಸೆಟ್ ಮಾಡಿದ್ರೂ ಆ ಯೂಸರ್‌ದು ಬಿಚ್ಚದೇ ಹೋಗ್ಬೋದು, ಅದಕ್ಕೇ ಬಿಚ್ಚಕ್ಕಾಗದಿದ್ರೆ ಮತ್ತೆ ಪಾಸ್‌ವರ್ಡ್ ಕೇಳಿ ಸೇವ್ ಮಾಡೋ ಒಂದು ಅಡ್ಮಿನ್ ಸ್ಕ್ರೀನ್ ಮೊದ್ಲೇ ಬರೆದಿಡಿ. ಮ್ಯಾಕ್‌ನಲ್ಲಿ ಕೀಚೈನ್, ಲಿನಕ್ಸ್‌ನಲ್ಲಿ ಗ್ನೋಮ್ ಕೀರಿಂಗ್ ಇಲ್ಲಾ ಕೆವಾಲೆಟ್, ಎಲೆಕ್ಟ್ರಾನ್‌ನಲ್ಲಿ ಸೇಫ್‌ಸ್ಟೋರೇಜ್, ಪೈಥಾನ್‌ನಲ್ಲಿ ಕೀರಿಂಗ್ ಲೈಬ್ರರಿ, ಇವೆಲ್ಲ ಇದೇ ಕೆಲಸ ಮಾಡತ್ತೆ.

ಈಗ ಹೇಳೋದನ್ನ ಮಾತ್ರ ಬಿಡ್ಬೇಡಿ. ಪಾಸ್‌ವರ್ಡ್ ಎನ್‌ಕ್ರಿಪ್ಟ್ ಮಾಡಿ, ಸರ್ವರ್ ಹೆಸರನ್ನ ಮಾತ್ರ ಕಾನ್ಫಿಗ್‌ನಲ್ಲಿ ತೆರೆದಿಟ್ಟಿದೀರಿ ಅನ್ಕೊಳಿ, ಗ್ರಾಹಕರು ಐಪಿ ಬದಲಾಯಿಸ್ಕೊಳ್ಳಲಿ ಅಂತ. ಬುದ್ಧಿವಂತ ಒಬ್ಬ ಆ ಐಪಿ ತೆಗೆದು ತನ್ನ ಲ್ಯಾಪ್‌ಟಾಪಿನ ಐಪಿ ಹಾಕ್ತಾನೆ, ಅಲ್ಲಿ ಎಸ್‌ಕ್ಯೂಎಲ್ ಸರ್ವರ್ ಥರ ನಟಿಸೋ ಒಂದು ಚಿಕ್ಕ ಪ್ರೋಗ್ರಾಮ್ ಓಡಿಸ್ತಾನೆ. ನಿಮ್ಮ ಸಾಫ್ಟ್‌ವೇರ್ ತಾನೇ ಪಾಸ್‌ವರ್ಡ್ ಬಿಚ್ಚಿ ತಾನೇ ಅವನಿಗೆ ಕಳಿಸತ್ತೆ. ಎಸ್‌ಕ್ಯೂಎಲ್ ಸರ್ವರ್ ಲಾಗಿನ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್ ಆಗಿ ಹೋಗಲ್ಲ, ಪ್ರತಿ ಬೈಟಿನ ಎರಡು ಅರ್ಧಗಳನ್ನ ಅದಲು ಬದಲು ಮಾಡಿ ಒಂದು ಗೊತ್ತಿರೋ ಸಂಖ್ಯೆ ಜೊತೆ ಎಕ್ಸಾರ್ ಮಾಡಿರ್ತಾರೆ ಅಷ್ಟೇ, ಅದನ್ನ ಕಾಪಾಡೋದು ಸುತ್ತ ಇರೋ ಟಿಎಲ್‌ಎಸ್, ಅಂದ್ರೆ ನೆಟ್‌ವರ್ಕ್ ಮೇಲಿನ ಎನ್‌ಕ್ರಿಪ್ಷನ್. ಆ ಟಿಎಲ್‌ಎಸ್‌ನ ಇನ್ನೊಂದು ತುದೀಲಿ ಕೂತಿರೋದು ಅವನೇ ಆದ್ರೆ? ಅವನ ಸರ್ಟಿಫಿಕೇಟ್ ನಂಬಲ್ಲ ಅಂತ ಡ್ರೈವರ್ ತಡೀಬೇಕು, ಆದ್ರೆ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್=ಟ್ರೂ ಅಂತ ಇದ್ರೆ ತಡೆಯಲ್ಲ. ಮೈಕ್ರೋಸಾಫ್ಟ್.ಡೇಟಾ.ಎಸ್‌ಕ್ಯೂಎಲ್‌ಕ್ಲೈಂಟ್ ಅನ್ನೋ ಡ್ರೈವರ್‌ನ ನಾಲ್ಕನೇ ಆವೃತ್ತಿಯಿಂದ ಎನ್‌ಕ್ರಿಪ್ಟ್ ತಾನಾಗೇ ಟ್ರೂ ಆಯ್ತು, ಅಪ್‌ಡೇಟ್ ಮಾಡಿದವರಿಗೆಲ್ಲ ಸರ್ಟಿಫಿಕೇಟ್ ಎರರ್ ಬಂತು, ತುಂಬಾ ಜನ ಅದನ್ನ ಓಡಿಸಕ್ಕೆ ಈ ಸಾಲು ಸೇರಿಸಿ ಮುಂದೆ ಹೋದ್ರು. ಸರ್ವರ್‌ಗೆ ಸರಿಯಾದ ಸರ್ಟಿಫಿಕೇಟ್ ಹಾಕಿ, ಸ್ವಂತ ಸಿಎ (ಸರ್ಟಿಫಿಕೇಟ್ ಕೊಡೋ ಅಧಿಕಾರಿ) ಮಾಡಿ ಅದರ ರೂಟನ್ನ ಕ್ಲೈಂಟ್‌ಗಳಲ್ಲಿ ಇನ್‌ಸ್ಟಾಲ್ ಮಾಡಿದ್ರೂ ಸಾಕು, ಎನ್‌ಕ್ರಿಪ್ಟ್=ಟ್ರೂ ಇಡಿ, ಆ ಟ್ರಸ್ಟ್ ಸಾಲು ತೆಗೀರಿ. ಸರ್ವರ್ ಹೆಸರು, ಈ ಸೆಟ್ಟಿಂಗು, ಪಾಸ್‌ವರ್ಡು ಮೂರೂ ಒಂದೇ ಎನ್‌ಕ್ರಿಪ್ಟ್ ಆದ ತುಂಡಿನಲ್ಲಿ ಇರ್ಲಿ, ಸರ್ವರ್ ಹೆಸರು ಬದಲಾದ್ರೆ ಪಾಸ್‌ವರ್ಡನ್ನೂ ಮತ್ತೆ ಹೊಡೀಬೇಕು ಅನ್ನೋ ನಿಯಮ ಇಡಿ.

ಸಿಕ್ಕಿದ್ರೂ ನಷ್ಟ ಕಮ್ಮಿ ಆಗೋ ಹಾಗೆ

ಎಸ್‌ಎ ಲಾಗಿನ್ ಯಾವ ಅಪ್ಲಿಕೇಶನ್‌ನಲ್ಲೂ ಇರಬಾರದು, ಡಿಸೇಬಲ್ ಮಾಡಿ. ಡೇಟಾಬೇಸ್ ಒಳಗಿಂದ ವಿಂಡೋಸ್ ಕಮಾಂಡ್ ಓಡಿಸೋ ಎಕ್ಸ್‌ಪಿ ಕಮಾಂಡ್ ಶೆಲ್ ಎಸ್‌ಕ್ಯೂಎಲ್ ಸರ್ವರ್ 2005ರಿಂದ ಆಫ್ ಆಗೇ ಬರತ್ತೆ, ಆದ್ರೆ ಎಸ್‌ಎಗೆ ಇರೋ ಸಿಸ್‌ಅಡ್ಮಿನ್ ಹಕ್ಕಿರೋನು ಅದನ್ನ ಎರಡು ಸಾಲಲ್ಲಿ ಆನ್ ಮಾಡಿ ಸರ್ವರ್ ಮಷೀನ್ ಮೇಲೇ ಕಮಾಂಡ್ ಓಡಿಸ್ಬೋದು, ಅಂದ್ರೆ ಎಸ್‌ಎ ಪಾಸ್‌ವರ್ಡ್ ಸಿಕ್ರೆ ಡೇಟಾಬೇಸ್ ಒಂದೇ ಅಲ್ಲ ಮಷೀನೂ ಹೋಯ್ತು. ಅಪ್ಲಿಕೇಶನ್ ಲಾಗಿನ್‌ಗೆ ಡಿಬಿ ಓನರ್ (ಆ ಡೇಟಾಬೇಸ್‌ನಲ್ಲಿ ಏನು ಬೇಕಾದ್ರೂ ಮಾಡೋ ಹಕ್ಕು) ಕೂಡ ಬೇಡ. ಟೇಬಲ್ ಬದಲಾಯಿಸೋ ಅಪ್‌ಗ್ರೇಡ್ ಸ್ಕ್ರಿಪ್ಟ್‌ಗೆ ಬೇರೆ ಲಾಗಿನ್, ರಿಪೋರ್ಟ್‌ಗೆ ಓದಕ್ಕೆ ಮಾತ್ರ ಆಗೋ ಇನ್ನೊಂದು. ಸರ್ವರ್ ಫೈರ್‌ವಾಲ್‌ನಲ್ಲಿ ಬೇಕಾದ ಮಷೀನ್‌ಗಳಿಂದ ಮಾತ್ರ 1433 ಬಿಡಿ. ಮೈಎಸ್‌ಕ್ಯೂಎಲ್‌ನಲ್ಲಿ ಯೂಸರ್ ಮಾಡುವಾಗ ಹೋಸ್ಟ್ ಜಾಗದಲ್ಲಿ ಎಲ್ಲಿಂದ ಬೇಕಾದ್ರೂ ಒಳಗೆ ಬಿಡೋ ಶೇಕಡಾ ಚಿಹ್ನೆ ಹಾಕದೆ ನಿಮ್ಮ ನೆಟ್‌ವರ್ಕಿನ ವಿಳಾಸ ಕೊಡಿ, ಎಸ್‌ಎಸ್‌ಎಲ್ ಕಡ್ಡಾಯ ಮಾಡಿ.

ಪಾಸ್‌ವರ್ಡ್ ಪಕ್ಕದ ದಾರೀಲಿ ಸೋರೋದೂ ಉಂಟು. ಎರರ್ ಬಂದಾಗ ಕನೆಕ್ಷನ್ ಸ್ಟ್ರಿಂಗ್ ಸಮೇತ ಲಾಗ್ ಫೈಲ್‌ಗೆ ಬರೆಯೋ ಕೋಡ್ ಎಷ್ಟೋ ಕಡೆ ಇರತ್ತೆ, ಹುಡುಕಿ ತೆಗೀರಿ. ಪರ್ಸಿಸ್ಟ್ ಸೆಕ್ಯುರಿಟಿ ಇನ್ಫೋ ಮಾಮೂಲಾಗಿ ಫಾಲ್ಸ್ ಇರತ್ತೆ, ಹಾಗೇ ಬಿಡಿ, ಆಗ ಕನೆಕ್ಷನ್ ತೆರೆದ ಮೇಲೆ ಆ ಆಬ್ಜೆಕ್ಟ್‌ನಿಂದ ಪಾಸ್‌ವರ್ಡ್ ವಾಪಸ್ ಬರಲ್ಲ. ಸಪೋರ್ಟ್‌ನೋರು ವಾಟ್ಸಾಪ್‌ನಲ್ಲಿ ಕಾನ್ಫಿಗ್ ಫೈಲಿನ ಸ್ಕ್ರೀನ್‌ಶಾಟ್ ಕೇಳೋದು ನಿಲ್ಲಬೇಕು. ಗಿಟ್‌ಗೆ ಒಮ್ಮೆ ಕಮಿಟ್ ಆದ ಪಾಸ್‌ವರ್ಡನ್ನ ಮುಂದಿನ ಕಮಿಟ್‌ನಲ್ಲಿ ಅಳಿಸಿದ್ರೂ ಹಿಸ್ಟರಿಯಲ್ಲಿ ಇದ್ದೇ ಇರತ್ತೆ, ಪ್ರೈವೇಟ್ ರೆಪೊ ಅಂತ ಧೈರ್ಯ ಬೇಡ, 2016ರಲ್ಲಿ ಊಬರ್‌ನ 5.7 ಕೋಟಿ ಜನರ ಮಾಹಿತಿ ಹೋದದ್ದು ಪ್ರೈವೇಟ್ ಗಿಟ್‌ಹಬ್ ರೆಪೊದಲ್ಲಿ ಸಿಕ್ಕ ಕ್ಲೌಡ್ ಕೀಯಿಂದ. ಅಲ್ಲಿಗೆ ಹೋದ ಪಾಸ್‌ವರ್ಡ್ ಸೋರಿದ್ದು ಅಂತಲೇ ಲೆಕ್ಕ, ಬದಲಾಯಿಸಿ.

ಭಾರತದಲ್ಲಿ ಇದು ಈಗ ಕಾನೂನಿನ ವಿಷಯವೂ ಹೌದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್ ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಡೇಟಾ ಸೋರಿಕೆ ಥರದ ಘಟನೆಗಳನ್ನ ಗೊತ್ತಾದ 6 ಗಂಟೆ ಒಳಗೆ ವರದಿ ಮಾಡ್ಬೇಕು, ಲಾಗ್‌ಗಳನ್ನ 180 ದಿನ ಇಟ್ಕೋಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಇಡದಿದ್ರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗ್ಬೋದು.

ಕೊನೇದಾಗಿ ಪಾಸ್‌ವರ್ಡ್ ಬದಲಾಯಿಸೋ ಕೆಲಸ. ಇದನ್ನ ಸೋರಿದ ದಿನ ಕಲಿಯಕ್ಕೆ ಆಗಲ್ಲ, ಮೊದ್ಲೇ ಅಭ್ಯಾಸ ಇರ್ಬೇಕು. ಒಂದೇ ಲಾಗಿನ್ ಇಟ್ಕೊಂಡ್ರೆ ಸರ್ವರ್‌ನಲ್ಲಿ ಬದಲಾಯಿಸಿದ ಕ್ಷಣಕ್ಕೇ ಎಲ್ಲಾ ಮಷೀನೂ ನಿಲ್ಲತ್ತೆ, ಅದಕ್ಕೆ ಒಂದೇ ಹಕ್ಕಿರೋ ಎರಡು ಲಾಗಿನ್ ಮಾಡಿ, ಬಿಲ್ಲಿಂಗ್ ಎ ಮತ್ತೆ ಬಿಲ್ಲಿಂಗ್ ಬಿ ಅಂತ. ಈಗ ಎಲ್ಲಾ ಕಡೆ ಎ ಓಡ್ತಿದೆ ಅನ್ಕೊಳಿ. ಬಿಗೆ ಹೊಸ ಉದ್ದನೆ ಪಾಸ್‌ವರ್ಡ್ ಕೊಟ್ಟು ಎನೇಬಲ್ ಮಾಡಿ, ಒಂದೊಂದೇ ಮಷೀನ್‌ನಲ್ಲಿ ಅಡ್ಮಿನ್ ಸ್ಕ್ರೀನ್‌ನಿಂದ ಬಿಗೆ ಬದಲಾಯಿಸ್ತಾ ಹೋಗಿ, ಯಾವ ಕೌಂಟರ್ ಯಾವಾಗ ಬಿಡುವಾಗತ್ತೋ ಆವಾಗ. ನಡುವೆ ಸರ್ವರ್‌ನಲ್ಲಿ ಸಿಸ್.ಡಿಎಂ ಎಕ್ಸೆಕ್ ಸೆಷನ್ಸ್ ವ್ಯೂ ನೋಡ್ತಾ ಇರಿ, ಅದರಲ್ಲಿ ಲಾಗಿನ್ ಹೆಸರು, ಮಷೀನ್ ಹೆಸರು ಎರಡೂ ಇರತ್ತೆ, ಎ ಹೆಸರಲ್ಲಿ ಇನ್ನೂ ಯಾವ ಮಷೀನ್ ಬರ್ತಿದೆ ಅಂತ ಅಲ್ಲೇ ಗೊತ್ತಾಗತ್ತೆ. ತಿಂಗಳಿಗೊಮ್ಮೆ ಓಡೋ ರಿಪೋರ್ಟ್ ಯಾವ್ದಾದ್ರೂ ಮರೆತಿದೀವಾ ಅಂತಲೂ ನೋಡ್ಕೊಳಿ. ಎ ಹೆಸರಲ್ಲಿ ಯಾರೂ ಉಳಿದಿಲ್ಲ ಅಂತ ಖಾತ್ರಿ ಆದ್ಮೇಲೆ ಅದನ್ನ ಡಿಸೇಬಲ್ ಮಾಡಿ. ಸೋರಿಕೆ ಆಗಿ ತುರ್ತಿನಲ್ಲಿ ಮಾಡ್ತಿದ್ರೆ ಒಂದು ಗಮನ ಇರ್ಲಿ, ಡಿಸೇಬಲ್ ಮಾಡಿದ್ರೆ ಹೊಸ ಕನೆಕ್ಷನ್ ಮಾತ್ರ ನಿಲ್ಲತ್ತೆ, ಆಗ್ಲೇ ಒಳಗಿರೋ ಸೆಷನ್ ಹಾಗೇ ಮುಂದುವರಿಯತ್ತೆ, ಅದನ್ನ ಸೆಷನ್ ನಂಬರ್ ನೋಡಿ ಕಿಲ್ ಕಮಾಂಡ್‌ನಿಂದ ನೀವೇ ಕಡೀಬೇಕು.